ಬೂಮ್‌ಸ್ಲಾಂಗ್ ಕಚ್ಚಿದ ಮೊದಲ ದಿನ ಏನೂ ಆಗದೇ ಇರಬಹುದು

ಪ್ರಶ್ನೆ: ನನ್ನ ಮಗಳು, ಅಳಿಯ ಮತ್ತು ಪುಟ್ಟ ಮೊಮ್ಮಗ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿದ್ದಾರೆ. ಅವರ ಹಿತ್ತಲಿನ ಮರದಲ್ಲಿ ಆಗಾಗ ಹಸಿರು ಹಾವೊಂದು ಕಾಣಿಸುತ್ತಿದೆಯಂತೆ. ಅಕ್ಕಪಕ್ಕದವರು “ಅದು ಬೂಮ್‌ಸ್ಲಾಂಗ್, ಭಾರೀ ವಿಷದ್ದು. ಆದರೆ ವಿಷದ ಹಲ್ಲು ಬಾಯಿಯ ಹಿಂಭಾಗದಲ್ಲಿ ಇರುವುದರಿಂದ ಮನುಷ್ಯರಿಗೆ ಕಚ್ಚಲು ಬರುವುದಿಲ್ಲ” ಎಂದಿದ್ದಾರೆ. ಇದು ನಮ್ಮ ಕಡೆಯ ಹಸಿರು ಹಾವಿನ ಜಾತಿಯೇ? ಕಚ್ಚಿದರೆ ಎಷ್ಟು ಹೊತ್ತಿನಲ್ಲಿ ತೊಂದರೆಯಾಗುತ್ತದೆ? ನಾವು ಅಲ್ಲಿಗೆ ಹೋಗುವಾಗ ಇಲ್ಲಿಯ ಹಾವಿನ ಇಂಜೆಕ್ಷನ್ ತೆಗೆದುಕೊಂಡು ಹೋಗಬಹುದೇ?
– ಸಾಗರ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಅಕ್ಕಪಕ್ಕದವರು ಹೇಳಿದ್ದರಲ್ಲಿ ಮೊದಲರ್ಧ ನಿಜ, ಉಳಿದರ್ಧ ಅಪಾಯಕಾರಿ ತಪ್ಪು. ವಿಷದ ಹಲ್ಲು ಹಿಂದಿದೆ ಎಂಬುದು ಸರಿ. ಅದರಿಂದ ಮನುಷ್ಯರಿಗೆ ಕಚ್ಚಲಾರದು ಎಂಬ ಮಾತನ್ನು ಮಾತ್ರ ನಿಮ್ಮ ಮಗಳು ಈಗಲೇ ತಲೆಯಿಂದ ತೆಗೆದುಹಾಕಲಿ. ಬೂಮ್‌ಸ್ಲಾಂಗ್ ಬಾಯನ್ನು ಸುಮಾರು 170 ಡಿಗ್ರಿಯಷ್ಟು ಅಗಲವಾಗಿ ತೆರೆಯಬಲ್ಲದು. ಅದರ ವಿಷದ ಹಲ್ಲುಗಳು ಇರುವುದು ಗಂಟಲ ಹತ್ತಿರವಲ್ಲ, ಸರಿಯಾಗಿ ಕಣ್ಣಿನ ಕೆಳಗೆ. ಹಿಂದೆ ವಿಷದ ಹಲ್ಲಿರುವ ಬೇರೆ ಹಲವು ಹಾವುಗಳಿಗೆ ಹೋಲಿಸಿದರೆ ಇದರದು ಸಾಕಷ್ಟು ಮುಂದಕ್ಕೇ ಇದೆ. ಬೆರಳ ತುದಿ ಸಿಕ್ಕಿದರೆ ಮಾತ್ರ ಕಚ್ಚಲು ಸಾಧ್ಯ, ಬಹಳ ಹೊತ್ತು ಅಗಿದರೆ ಮಾತ್ರ ವಿಷ ಇಳಿಯುತ್ತದೆ ಎಂಬುದೆಲ್ಲ ಕಟ್ಟುಕತೆ. ತೋಳಿಗೂ ಕಾಲಿಗೂ ಕಚ್ಚುತ್ತದೆ, ಕ್ಷಣಮಾತ್ರದ ಕಡಿತವೂ ಸಾಕಾಗುತ್ತದೆ.

ಆದರೂ ನಿಮ್ಮ ಪ್ರಶ್ನೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು “ಎಷ್ಟು ಹೊತ್ತಿನಲ್ಲಿ” ಎಂಬುದು. ಈ ಹಾವಿನ ವಿಷಯದಲ್ಲಿ ಜನ ಸತ್ತಿರುವುದು ಹೆಚ್ಚಾಗಿ ಆ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟುಕೊಂಡಿದ್ದರಿಂದ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

1957ರ ಸೆಪ್ಟೆಂಬರ್ 25. ಅಮೆರಿಕದ ಶಿಕಾಗೋ ನಗರದ ಫೀಲ್ಡ್ ಮ್ಯೂಸಿಯಂಗೆ ಅಲ್ಲಿನ ಲಿಂಕನ್ ಪಾರ್ಕ್ ಮೃಗಾಲಯದಿಂದ ಒಂದು ಎಳೆಯ ಹಾವು ಬಂತು, ಯಾವ ಜಾತಿ ಎಂದು ಗುರುತಿಸಿಕೊಡಿ ಎಂಬ ಕೋರಿಕೆಯೊಂದಿಗೆ. ಉದ್ದ ಮುಕ್ಕಾಲು ಮೀಟರಿನಷ್ಟು. ನೋಡಲು ಕುಳಿತವರು ಕಾರ್ಲ್ ಪ್ಯಾಟರ್ಸನ್ ಶ್ಮಿಟ್, ಆ ಕಾಲದ ದೊಡ್ಡ ಸರೀಸೃಪ ವಿಜ್ಞಾನಿಗಳಲ್ಲಿ ಒಬ್ಬರು, ವಯಸ್ಸು 67. ಬೂಮ್‌ಸ್ಲಾಂಗ್‌ನಂತೆ ಕಾಣುತ್ತಿದ್ದರೂ ಗುದದ್ವಾರವನ್ನು ಮುಚ್ಚುವ ಹುರುಪೆ ಎರಡಾಗಿ ಸೀಳಿರಲಿಲ್ಲ, ಆದ್ದರಿಂದ ಅವರಿಗೆ ಅನುಮಾನ. ಕೈಯಲ್ಲಿ ಹಿಡಿದು ನೋಡುತ್ತಿರುವಾಗ ಅದು ಎಡಗೈ ಹೆಬ್ಬೆರಳಿಗೆ ಕಚ್ಚಿತು. ಒಂದೇ ಒಂದು ವಿಷದ ಹಲ್ಲು, ಅದೂ ಮೂರು ಮಿಲಿಮೀಟರಿನಷ್ಟು ಒಳಹೋಗಿತ್ತು. ಹಾವು ಚಿಕ್ಕದು, ಗಾಯ ಚಿಕ್ಕದು, ಹಾಗಾಗಿ ದೊಡ್ಡದೇನೂ ಆಗದು ಎಂದು ಅವರು ತಿಳಿದರು. ವಿಜ್ಞಾನಿಯ ಅಭ್ಯಾಸದಂತೆ, ದೇಹದಲ್ಲಿ ಆಗುತ್ತಿದ್ದುದನ್ನೆಲ್ಲ ಗಂಟೆಗಂಟೆಗೆ ಬರೆದಿಡತೊಡಗಿದರು.

ಆ ಟಿಪ್ಪಣಿಯನ್ನು ಓದುವಾಗ ಇಂದಿಗೂ ಸಂಕಟವಾಗುತ್ತದೆ. ಸಂಜೆ ರೈಲಿನಲ್ಲಿ ಮನೆಗೆ ಹೋಗುವಾಗ ಹೊಟ್ಟೆ ತೊಳೆಸಿತು. ಆಮೇಲೆ ಚಳಿ, ನಡುಕ, 101.7 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ವಸಡಿನಲ್ಲಿ ರಕ್ತ. ರಾತ್ರಿ ಹಾಲಿನಲ್ಲಿ ನೆನೆಸಿದ ಬ್ರೆಡ್ ತಿಂದು ಮಲಗಿದರು, ನಿದ್ದೆಯೂ ಬಂತು. ನಡುರಾತ್ರಿ ಎದ್ದಾಗ ಮೂತ್ರದಲ್ಲಿ ಬಹುಪಾಲು ರಕ್ತವೇ ಇತ್ತು. ಬೆಳಗಿನ ಜಾವ ವಾಂತಿಯಾಯಿತು, ಆದರೆ ಅದಾದ ಮೇಲೆ ಹಗುರವೆನಿಸಿತು. ಬೆಳಿಗ್ಗೆ ಜ್ವರ ಇಳಿದಿತ್ತು. ಮೊಟ್ಟೆ, ಬ್ರೆಡ್, ಕಾಫಿ ಎಲ್ಲ ಸೇವಿಸಿದರು. ಬಾಯಿ ಮೂಗಿನಿಂದ ರಕ್ತ ಬರುತ್ತಿದೆ, ಆದರೆ ಅತಿಯಾಗಿ ಅಲ್ಲ ಎಂದು ಬರೆದರು. ಮಧ್ಯಾಹ್ನ ಊಟದ ಬಳಿಕ ವಾಂತಿಯಾಗಿ ಉಸಿರಾಟ ಕಷ್ಟವಾಯಿತು. ಮೂರು ಗಂಟೆಯ ಹೊತ್ತಿಗೆ ಅವರು ಇರಲಿಲ್ಲ. ಕಡಿತದಿಂದ ಸಾವಿಗೆ ಸುಮಾರು ಒಂದು ದಿನ. ಮರಣೋತ್ತರ ಪರೀಕ್ಷೆಯಲ್ಲಿ ಶ್ವಾಸಕೋಶ, ಹೃದಯ, ಮೂತ್ರಪಿಂಡ, ಕಣ್ಣು, ಮಿದುಳು ಎಲ್ಲೆಲ್ಲೂ ರಕ್ತಸ್ರಾವ ಕಂಡಿತು.

ಬೆಳಗಿನ ಆ “ಹಗುರವೆನಿಸಿತು” ಎಂಬ ಘಟ್ಟವನ್ನು ನಿಮ್ಮ ಮಗಳು ಅಳಿಯ ಚೆನ್ನಾಗಿ ನೆನಪಿಟ್ಟುಕೊಳ್ಳಲಿ. ಹಾವುಗಳ ಬಗ್ಗೆ ಜೀವಮಾನವಿಡೀ ಓದಿ ಬರೆದವರೇ ಅದನ್ನು ಚೇತರಿಕೆ ಎಂದುಕೊಂಡರು. ಬೂಮ್‌ಸ್ಲಾಂಗ್ ಕಚ್ಚಿದವರು ಹೇಗಿದ್ದಾರೆ ಎಂದು ಮುಖ ನೋಡಿ ಹೇಳಲಾಗದು, ಅವರನ್ನೇ ಕೇಳಿದರೂ ತಿಳಿಯದು. ಅದನ್ನು ಹೇಳಬಲ್ಲದ್ದು ರಕ್ತದ ಪರೀಕ್ಷೆ ಮಾತ್ರ.

ಹೀಗೇಕೆ ಆಗುತ್ತದೆ ಎಂದರೆ, ಇದರ ವಿಷ ನಾಗರಹಾವು ಅಥವಾ ಕಟ್ಟುಹಾವಿನದರಂತೆ ನರಗಳ ಮೇಲೆ ಎರಗುವುದಿಲ್ಲ. ಅದು ಕೆಲಸ ಮಾಡುವುದು ರಕ್ತದಲ್ಲಿ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ನಮ್ಮ ದೇಹದಲ್ಲಿ ಒಂದು ಸರಪಳಿ ವ್ಯವಸ್ಥೆಯಿದೆ: ಒಂದು ಪ್ರೋಟೀನ್ ಇನ್ನೊಂದನ್ನು ಚುರುಕುಗೊಳಿಸಿ, ಕೊನೆಗೆ ಫೈಬ್ರಿನೋಜನ್ ಎಂಬುದು ಬಲೆಯಂತಹ ಫೈಬ್ರಿನ್ ಆಗಿ ರಂಧ್ರ ಮುಚ್ಚುತ್ತದೆ. ಬೂಮ್‌ಸ್ಲಾಂಗ್ ವಿಷದಲ್ಲಿ ಹೆಚ್ಚಿನ ಪಾಲು ಮೆಟಲೋಪ್ರೋಟಿಯೇಸ್ ಎಂಬ ಕಿಣ್ವಗಳದು. ಅವು ಗಾಯವೇ ಇಲ್ಲದ ಕಡೆಯೂ ಪ್ರೋಥ್ರಾಂಬಿನ್, ಫ್ಯಾಕ್ಟರ್ ಹತ್ತು ಮುಂತಾದವನ್ನು ಚುರುಕುಗೊಳಿಸಿಬಿಡುತ್ತವೆ. ಮೈಯೆಲ್ಲ ಸಣ್ಣಸಣ್ಣದಾಗಿ ಹೆಪ್ಪುಗಟ್ಟುತ್ತ ಕರಗುತ್ತ ಫೈಬ್ರಿನೋಜನ್ ಮುಗಿಯುತ್ತ ಬರುತ್ತದೆ. ತಿಂಗಳ ದಿನಸಿಯನ್ನೆಲ್ಲ ಒಂದೇ ದಿನ ಬೇಯಿಸಿ ಚೆಲ್ಲಿಬಿಟ್ಟ ಮನೆಯ ಹಾಗೆ, ನಿಜವಾಗಿ ಬೇಕಾದಾಗ ಡಬ್ಬಿಯಲ್ಲಿ ಏನೂ ಇರುವುದಿಲ್ಲ. ಆಗ ಹಲ್ಲುಜ್ಜಿದ ಜಾಗದಲ್ಲಿ, ಹಳೆಯ ಗೀರಿನಲ್ಲಿ, ಸೂಜಿ ಚುಚ್ಚಿದಲ್ಲಿ ರಕ್ತ ಒಸರುತ್ತದೆ, ನಿಲ್ಲುವುದಿಲ್ಲ. ಚರ್ಮದಡಿ ನೀಲಿ ಮಚ್ಚೆಗಳು ಏಳುತ್ತವೆ. ಇದರ ಜೊತೆಗೆ ಸಣ್ಣ ರಕ್ತನಾಳಗಳ ಗೋಡೆಯನ್ನೇ ಸಡಿಲಗೊಳಿಸುವ ಅಂಶವೂ ವಿಷದಲ್ಲಿದೆ. ಕೊನೆಗೆ ಜೀವ ತೆಗೆಯುವುದು ಮಿದುಳಿನ ಅಥವಾ ಒಳಾಂಗಗಳ ರಕ್ತಸ್ರಾವ, ಇಲ್ಲವೇ ಮೂತ್ರಪಿಂಡದ ವೈಫಲ್ಯ.

ಸಂಗ್ರಹ ಖಾಲಿಯಾಗಲು ಹೊತ್ತು ಹಿಡಿಯುತ್ತದಲ್ಲ, ಆ ಹೊತ್ತೇ ಮೊದಲ ದಿನದ ಮೌನ. ಕಡಿತದ ಜಾಗದಲ್ಲಿ ನಮ್ಮ ಕೊಳಕುಮಂಡಲ ಕಚ್ಚಿದಾಗ ಆಗುವಂತೆ ಕೈ ಊದಿ ಬೊಬ್ಬೆ ಏಳುವುದು ಕಡಿಮೆ. ಕೆಲವರಿಗೆ ಕೆಲವೇ ಗಂಟೆಗಳಲ್ಲಿ ತಲೆನೋವು, ವಾಕರಿಕೆ ಶುರುವಾಗಬಹುದು. ಇನ್ನು ಕೆಲವರಿಗೆ 24ರಿಂದ 48 ಗಂಟೆಯವರೆಗೂ ಹೇಳಿಕೊಳ್ಳುವಂಥದ್ದೇನೂ ಇರುವುದಿಲ್ಲ.

ಮಲೆನಾಡಿನವರಾದ ನಿಮಗೆ ಈ ರೀತಿಯ ವಿಷ ಪೂರ್ತಿ ಅಪರಿಚಿತವಲ್ಲ. ಕೊಳಕುಮಂಡಲದ ವಿಷವೂ ಫ್ಯಾಕ್ಟರ್ ಹತ್ತನ್ನು ಹೀಗೆಯೇ ಕೆದಕುತ್ತದೆ, ಗರಗಸ ಮಂಡಲದ್ದು ಪ್ರೋಥ್ರಾಂಬಿನ್ ಅನ್ನು. ಹಾವು ಕಚ್ಚಿದವರ ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ ಹಾಕಿ ಅಲುಗಾಡಿಸದೆ 20 ನಿಮಿಷ ಇಟ್ಟು, ಬಗ್ಗಿಸಿ, ಹೆಪ್ಪುಗಟ್ಟಿದೆಯೇ ಎಂದು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ನೋಡುವುದು ಇದೇ ಕಾರಣಕ್ಕೆ. ವ್ಯತ್ಯಾಸ ಪ್ರಮಾಣದಲ್ಲಿದೆ. ಕೊಳಕುಮಂಡಲದಿಂದ ತೆಗೆದ ಒಣ ವಿಷದ ತೂಕ ನೂರು ಮಿಲಿಗ್ರಾಂ ದಾಟುವುದುಂಟು. ಬೂಮ್‌ಸ್ಲಾಂಗ್‌ನಿಂದ ಸಿಗುವುದು ಕೆಲವೇ ಮಿಲಿಗ್ರಾಂ. ಅದರ ವಿಷದ ಹಲ್ಲು ಇಂಜೆಕ್ಷನ್ ಸೂಜಿಯಂತೆ ಟೊಳ್ಳಲ್ಲ, ಬರೀ ಗೀರುಳ್ಳದ್ದು. ಗ್ರಂಥಿಯಿಂದ ವಿಷ ಚಿಮ್ಮುವುದಿಲ್ಲ, ಆ ಗೀರಿನ ಗುಂಟ ಹರಿದು ಇಳಿಯುತ್ತದೆ. ಇಷ್ಟು ಸಾಧಾರಣ ಸಲಕರಣೆ, ಇಷ್ಟು ಕಡಿಮೆ ವಿಷ, ಆದರೂ ಮನುಷ್ಯನನ್ನು ಕೊಲ್ಲಲು ಸಾಕಾಗುವಷ್ಟು ತೀಕ್ಷ್ಣ.

ಬಹುಕಾಲ ವಿಜ್ಞಾನಿಗಳನ್ನು ದಾರಿ ತಪ್ಪಿಸಿದ್ದೂ ಈ ಸಾಧಾರಣ ಸಲಕರಣೆಯೇ. 1828ರಲ್ಲಿ ಈ ಹಾವನ್ನು ಮೊದಲು ವಿವರಿಸಿದ ಆಂಡ್ರ್ಯೂ ಸ್ಮಿತ್, ಸ್ಥಳೀಯರು ಇದನ್ನು ವಿಷದ ಹಾವೆನ್ನುತ್ತಾರೆ, ಆದರೆ ನಾವು ಒಪ್ಪಲಾರೆವು, ವಿಷದ ಗ್ರಂಥಿಯೇ ಸ್ಪಷ್ಟವಾಗಿ ಕಾಣಲಿಲ್ಲ ಎಂಬರ್ಥದಲ್ಲಿ ಬರೆದಿದ್ದರು. ಆ ನೆಲದ ಜನ ಹೇಳಿದ್ದೇ ಸರಿಯಾಗಿತ್ತು.

ಈಗ ನಿಮ್ಮ ಇನ್ನೊಂದು ಪ್ರಶ್ನೆ, ನಮ್ಮ ಹಸಿರು ಹಾವಿಗೂ ಇದಕ್ಕೂ ನಂಟೇನು? ಎರಡೂ ಕೊಲುಬ್ರಿಡೇ ಎಂಬ ದೊಡ್ಡ ಕುಟುಂಬದವು, ನಮ್ಮ ಕೇರೆಹಾವೂ ಅದೇ ಕುಟುಂಬದ್ದು. ಎರಡೂ ಮರವಾಸಿ, ಎರಡೂ ಹಗಲಲ್ಲಿ ಬೇಟೆಯಾಡುವಂಥವು, ಎರಡಕ್ಕೂ ವಿಷದ ಹಲ್ಲು ಹಿಂದೆಯೇ. ಹೆದರಿದಾಗ ಕುತ್ತಿಗೆ ಉಬ್ಬಿಸಿ ಹುರುಪೆಗಳ ನಡುವಿನ ಬಣ್ಣದ ಚರ್ಮ ತೋರಿಸುವ ಅಭ್ಯಾಸವೂ ಇಬ್ಬರದು. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ಕಣ್ಣು ಕುಕ್ಕುತ್ತದೆ ಎಂದು ನಮ್ಮವರು ಸುಮ್ಮನೆ ಹೊಡೆದು ಸಾಯಿಸುವ ಹಸಿರು ಹಾವಿನ ಮೂತಿ ಚೂಪು, ಕಣ್ಣಿನ ಪಾಪೆ ಅಡ್ಡಗೆರೆ, ಅದು ಮರಿ ಹಾಕುತ್ತದೆ, ಕಚ್ಚಿದರೆ ಹೆಚ್ಚೆಂದರೆ ಒಂದಿಷ್ಟು ಊತ, ಉರಿ. ಬೂಮ್‌ಸ್ಲಾಂಗ್‌ನ ತಲೆ ಮೊಂಡು, ಮೊಟ್ಟೆಯಾಕಾರ. ಅದು ಮೊಟ್ಟೆ ಇಡುತ್ತದೆ, ಪೊಟರೆಗಳಲ್ಲೋ ಕೊಳೆತ ತರಗೆಲೆಯ ರಾಶಿಯಲ್ಲೋ, ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು.

ಗುರುತಿಗೆ ಮೊದಲು ನೋಡಬೇಕಾದದ್ದು ಕಣ್ಣು. ಆ ಪುಟ್ಟ ತಲೆಗೆ ಇಷ್ಟು ದೊಡ್ಡ ಕಣ್ಣೇ ಎನಿಸುವಷ್ಟು ದೊಡ್ಡದು, ಪಾಪೆ ಹೆಚ್ಚುಕಡಿಮೆ ಗುಂಡು. ಬಣ್ಣವನ್ನು ನಂಬಿ ಕೂರಬೇಡಿ. ಹಾವುಗಳಲ್ಲಿ ಗಂಡು ಹೆಣ್ಣಿಗೆ ಬಣ್ಣದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಇರುವುದು ಅಪರೂಪ, ಬೂಮ್‌ಸ್ಲಾಂಗ್ ಆ ಅಪರೂಪದ್ದು. ಗಂಡು ಎಲೆಹಸಿರಾಗಿರಬಹುದು, ಹಸಿರಿಗೆ ಕಪ್ಪು ಅಂಚಿರಬಹುದು, ಕೆಲವು ಕಡೆ ಇಟ್ಟಿಗೆ ಕೆಂಪು, ಕೇಪ್ ಪ್ರಾಂತ್ಯದ ಕಡೆ ಬೆನ್ನು ಕಪ್ಪು, ಹೊಟ್ಟೆ ಹಳದಿ. ಹೆಣ್ಣು ಸಾಮಾನ್ಯವಾಗಿ ಕಂದು. ಮರಿಗಳು ಬೂದುಗಂದು, ಆದರೆ ಅವುಗಳ ಕಣ್ಣು ಪಚ್ಚೆಯ ಹಸಿರು, ನೋಡಿದವರು ಮರೆಯುವುದಿಲ್ಲ. ಹಿತ್ತಲಲ್ಲಿ ಹಸಿರು ಹಾವಿದೆ ಎಂದು ಹೆದರಿರುವ ಮನೆಯವರು ಪಕ್ಕದ ಬೇಲಿಯ ಕಂದು ಹಾವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವ ಸಾಧ್ಯತೆ ಇದೆ, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇದಕ್ಕೆ ವಿರುದ್ಧದ ಸಾಧ್ಯತೆಯೂ ಅಷ್ಟೇ ಇದೆ. ಅಲ್ಲಿ ಹಸಿರು ಮೈಗೆ ಕಪ್ಪು ಚುಕ್ಕೆಯ, ತೆಳ್ಳಗಿನ, ಸ್ಪಾಟೆಡ್ ಬುಷ್ ಸ್ನೇಕ್ ಎಂಬ ನಿರುಪದ್ರವಿ ಹಾವು ಮನೆಗಳ ಸುತ್ತ ಸಾಮಾನ್ಯ. ಬೂಮ್‌ಸ್ಲಾಂಗ್ ಅಥವಾ ಹಸಿರು ಮಾಂಬಾ ಎಂಬ ಇನ್ನೊಂದು ವಿಷದ ಹಾವು ಎಂದು ತಪ್ಪು ತಿಳಿದು ಜನ ಅದನ್ನು ಕೊಲ್ಲುತ್ತಲೇ ಇರುತ್ತಾರೆ. ಹಸಿರು ಮಾಂಬಾ ಅಂತೂ ದಕ್ಷಿಣ ಆಫ್ರಿಕಾದಲ್ಲಿ ಪೂರ್ವ ಕರಾವಳಿಯ ಕಾಡುಗಳದ್ದು, ಪ್ರಿಟೋರಿಯಾದ ಹಿತ್ತಲಲ್ಲಿ ಅದನ್ನು ಹುಡುಕಬೇಕಿಲ್ಲ. ಅಳಿಯನವರು ದೂರದಿಂದ ಜೂಮ್ ಮಾಡಿ ಒಂದು ಫೋಟೋ ತೆಗೆದು ಅಲ್ಲಿನ ಹಾವು ರಕ್ಷಕರಿಗೆ ಕಳಿಸಿದರೆ ನಿಮಿಷದಲ್ಲಿ ತಿಳಿಯುತ್ತದೆ.

ಅದು ಬೂಮ್‌ಸ್ಲಾಂಗೇ ಆಗಿದ್ದರೂ ಅದರ ಸ್ವಭಾವ ತಿಳಿದರೆ ನಿಮ್ಮ ಅರ್ಧ ಭಯ ಕಡಿಮೆಯಾಗುತ್ತದೆ. ಸಹಾರಾ ಮರುಭೂಮಿಯ ದಕ್ಷಿಣಕ್ಕೆ, ದಟ್ಟ ಮಳೆಕಾಡು ಮತ್ತು ಬರಡು ಮರಳು ಬಿಟ್ಟು ಮರಗಳಿರುವ ಕಡೆಯೆಲ್ಲ ಇದು ಹರಡಿಕೊಂಡಿದೆ. ಇಷ್ಟು ವಿಸ್ತಾರವಾಗಿ, ಜನರ ಇಷ್ಟು ಹತ್ತಿರ ಬದುಕಿಯೂ ಇದು ಕಚ್ಚುವುದು ತೀರಾ ವಿರಳ. ಒಂದು ಒಂದೂವರೆ ಮೀಟರ್ ಉದ್ದದ ಹಾವು ಕೊಂಬೆಯ ಮೇಲೆ ದೇಹದ ಮುಂಭಾಗವನ್ನು ಗಾಳಿಯಲ್ಲಿ ಚಾಚಿ ಕದಲದೆ ನಿಂತುಬಿಡುತ್ತದೆ. ಗಾಳಿ ಬೀಸಿದರೆ ರೆಂಬೆಯ ಜೊತೆಗೇ ತೂಗುತ್ತದೆ. ಅದರ ದೃಷ್ಟಿಯೆಲ್ಲ ಗೋಸುಂಬೆಗಳ ಮೇಲೆ. ಎಲೆಯೊಳಗೆ ಎಲೆಯಾಗಿ ಕೂರುವ ಗೋಸುಂಬೆಯನ್ನು ಹುಡುಕಿ ತಿಂದು ಬದುಕುವ ಹಾವಿಗೆ ಆ ದೊಡ್ಡ ಕಣ್ಣು ಏಕೆ ಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ಹಿಡಿದದ್ದನ್ನು ಬಿಡದೆ ಕಚ್ಚಿಕೊಂಡೇ ಇದ್ದು, ವಿಷ ಏರಿದ ಮೇಲೆ ನುಂಗುತ್ತದೆ. ಹಲ್ಲಿ ಜಾತಿಯ ಇತರ ಜೀವಿಗಳು, ಹಕ್ಕಿಗಳು, ಗೂಡಿನ ಮರಿ, ಮೊಟ್ಟೆಗಳೂ ಅದರ ಆಹಾರ. ಗೀಜಗಗಳ ಗೂಡಿನ ಕಾಲೋನಿಗೆ ನುಗ್ಗಿದರೆ ಒಂದಾದ ಮೇಲೊಂದು ಗೂಡನ್ನು ಖಾಲಿ ಮಾಡುತ್ತದೆ. ಹಕ್ಕಿಗಳಿಗೆ ಇದರ ಮೇಲೆ ವಿಪರೀತ ಸಿಟ್ಟು. ಒಂದು ಕಂಡರೆ ಸಾಕು, ನಾಲ್ಕಾರು ಜಾತಿಯವು ಸೇರಿ ಸುತ್ತ ಹಾರಾಡಿ ಕಿರುಚುತ್ತವೆ. ಹಿತ್ತಲ ಮರದಲ್ಲಿ ಹಾಗೆ ಗದ್ದಲವೆದ್ದರೆ ಆ ಮರದಡಿ ಮಗುವನ್ನು ಆಗ ಬಿಡಬಾರದು. ಹಾವನ್ನು ಹುಡುಕುವ ಕಷ್ಟವನ್ನು ಹಕ್ಕಿಗಳೇ ತಪ್ಪಿಸುತ್ತವೆ.

ಮನುಷ್ಯ ಕಂಡಾಗ ಅದರ ಮೊದಲ ಆಯ್ಕೆ ಅಲ್ಲಾಡದಿರುವುದು, ಎರಡನೆಯದು ಸರ್ರನೆ ಮೇಲಕ್ಕೆ ಜಾರುವುದು. ದಾರಿ ಕಟ್ಟಿದಾಗ ಮಾತ್ರ ಕುತ್ತಿಗೆ ಉಬ್ಬಿಸಿಕೊಳ್ಳುತ್ತದೆ. ಅಷ್ಟಾದ ಮೇಲೂ ಹತ್ತಿರ ಹೋದರೆ ಎಗರಿ ಕಚ್ಚುತ್ತದೆ. ಕಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಹಾವನ್ನು ಹಿಡಿಯಲು, ಆಡಿಸಲು ಅಥವಾ ಕೊಲ್ಲಲು ಹೋದವರೇ. ಆದ್ದರಿಂದ ಮೊಮ್ಮಗನಿಗೆ ಒಂದೇ ಪಾಠ ಸಾಕು: ಹಾವು ಕಂಡರೆ ಹಿಂದೆ ಸರಿದು ದೊಡ್ಡವರನ್ನು ಕರೆ, ಕಲ್ಲು ಕೋಲು ಮುಟ್ಟಬೇಡ, ಸತ್ತಂತೆ ಬಿದ್ದಿದ್ದರೂ ಮುಟ್ಟಬೇಡ. ಮರ ಕಡಿಸುವ ಅಗತ್ಯವಿಲ್ಲ. ಮಹಡಿಯ ಕಿಟಕಿಗೆ ತಾಗುವ ರೆಂಬೆಗಳಿದ್ದರೆ ಅವನ್ನು ಸವರಿಸಲಿ. ಹಾವು ಮನೆಯೊಳಗೆ ಬಂದರೆ ಅಥವಾ ಆಟದ ಜಾಗದಲ್ಲೇ ಠಿಕಾಣಿ ಹೂಡಿದರೆ ತರಬೇತಾದ ಹಾವು ರಕ್ಷಕರನ್ನು ಕರೆಸಲಿ.

ಹಾಗೂ ಕಚ್ಚಿಯೇಬಿಟ್ಟರೆ? ಉಂಗುರ, ಬಳೆ, ವಾಚು ತೆಗೆದು, ಕೈಕಾಲು ಹೆಚ್ಚು ಆಡಿಸದೆ ಆಸ್ಪತ್ರೆಗೆ ಹೊರಡಬೇಕು. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಬೇಡವೇ ಬೇಡ. ರಕ್ತ ಹೆಪ್ಪುಗಟ್ಟದ ದೇಹದಲ್ಲಿ ಕೊಯ್ದ ಗಾಯ ತಾನೇ ಒಂದು ಅಪಾಯ. ನೋವಿಗೆಂದು ಆಸ್ಪಿರಿನ್, ಐಬುಪ್ರೊಫೆನ್ ನುಂಗಬಾರದು, ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಸಣ್ಣ ಕ್ಲಿನಿಕ್‌ಗಿಂತ ಪ್ರಯೋಗಾಲಯ ಇರುವ ದೊಡ್ಡ ಆಸ್ಪತ್ರೆಯೇ ಮೇಲು. ಅಲ್ಲಿ ಹೋದೊಡನೆ “ಬೂಮ್‌ಸ್ಲಾಂಗ್ ಇರಬಹುದು” ಎಂದು ಬಾಯಿಬಿಟ್ಟು ಹೇಳಬೇಕು. ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ), ಫೈಬ್ರಿನೋಜನ್, ಪ್ಲೇಟ್‌ಲೆಟ್ ಪರೀಕ್ಷೆಗಳನ್ನು ಒಮ್ಮೆ ಮಾಡಿ ಮುಗಿಸುವಂತಿಲ್ಲ, ಮತ್ತೆ ಮತ್ತೆ ಮಾಡಬೇಕು. ಮೊದಲ ಫಲಿತಾಂಶ ಚೆನ್ನಾಗಿದೆ, ರೋಗಿ ನಗುತ್ತಿದ್ದಾನೆ ಎಂದು ಮನೆಗೆ ಕಳಿಸಿದರೆ ದಯವಿಟ್ಟು ಹೋಗಬೇಡಿ. ಒಂದೆರಡು ದಿನ ಅಲ್ಲೇ ಇರಲು ಹಠ ಹಿಡಿಯಿರಿ.

ಒಳ್ಳೆಯ ಸುದ್ದಿಯೂ ಈ ನಿಧಾನದಲ್ಲೇ ಇದೆ. ಕರಿಮಾಂಬಾ ಕಚ್ಚಿದವರಿಗೆ ಗಂಟೆಗಳ ಲೆಕ್ಕ. ಬೂಮ್‌ಸ್ಲಾಂಗ್ ಕಚ್ಚಿದವರಿಗೆ ಸಾಮಾನ್ಯವಾಗಿ ಔಷಧ ತರಿಸುವಷ್ಟು ಸಮಯ ಸಿಗುತ್ತದೆ. ಇದಕ್ಕೆಂದೇ ಪ್ರತ್ಯೇಕ ಆಂಟಿವೆನಮ್ ಇದೆ, ದಕ್ಷಿಣ ಆಫ್ರಿಕಾದಲ್ಲಿ 1940ರ ದಶಕದಲ್ಲೇ ಸಿದ್ಧವಾದದ್ದು. ಕುದುರೆಗಳಿಂದ ತಯಾರಿಸುತ್ತಾರೆ, ತಯಾರಿಕೆ ಜೋಹಾನ್ಸ್‌ಬರ್ಗ್‌ನಲ್ಲಿ, ಪ್ರಿಟೋರಿಯಾದ ಪಕ್ಕದಲ್ಲೇ ಅನ್ನಿ. ಸಾಮಾನ್ಯವಾಗಿ ಒಂದೆರಡು ಆಂಪ್ಯೂಲ್ ಸಾಕಾಗುತ್ತದೆ. ರಕ್ತ ಹೆಪ್ಪುಗಟ್ಟುವುದು ನಿಂತ ಮೇಲೆ ಕೊಟ್ಟರೂ, ಒಂದೆರಡು ದಿನ ತಡವಾಗಿದ್ದರೂ ಕೆಲಸ ಮಾಡುತ್ತದೆ. ಆದರೆ ಒಂದು ಹಾವಿನಿಂದ ಸಿಗುವ ವಿಷವೇ ಅಷ್ಟು ಕಡಿಮೆಯಾದ್ದರಿಂದ ಈ ಔಷಧವೂ ವಿರಳ. ಎಲ್ಲ ಆಸ್ಪತ್ರೆಗಳ ಫ್ರಿಜ್‌ನಲ್ಲಿ ಇರುವುದಿಲ್ಲ, ಕೇಳಿ ತರಿಸಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಸಿದ್ಧವಿರುವ ಪಾಲಿವೇಲೆಂಟ್, ಅಂದರೆ ಹಲವು ಹಾವುಗಳಿಗೆ ಒಂದೇ ಆಗಿರುವ ಆಂಟಿವೆನಮ್ ಮಾಂಬಾ, ನಾಗರ ಜಾತಿಗಳು, ಪಫ್ ಆಡರ್ ಮುಂತಾದವುಗಳಿಗೆ ಆಗುತ್ತದೆ, ಬೂಮ್‌ಸ್ಲಾಂಗ್‌ಗೆ ಆಗುವುದಿಲ್ಲ. ಇದರದೇ ರೀತಿಯ ವಿಷವಿರುವ, ಒಣಕಡ್ಡಿಯಂತೆ ಕಾಣುವ ಟ್ವಿಗ್ ಸ್ನೇಕ್ ಎಂಬ ಇನ್ನೊಂದು ಮರದ ಹಾವು ಅಲ್ಲಿದೆ. ಅದಕ್ಕೆ ಯಾವ ಆಂಟಿವೆನಮ್ಮೂ ಇಲ್ಲ, ಬೂಮ್‌ಸ್ಲಾಂಗ್‌ನದೂ ನಾಟುವುದಿಲ್ಲ. ಜರ್ಮನಿಯ ಹೆಸರಾಂತ ಸರೀಸೃಪ ವಿಜ್ಞಾನಿ ರಾಬರ್ಟ್ ಮೆರ್ಟೆನ್ಸ್ 1975ರಲ್ಲಿ ತಾವೇ ಸಾಕಿದ್ದ ಅಂಥ ಹಾವು ಕಚ್ಚಿ, 18 ದಿನಗಳ ನಂತರ ತೀರಿಕೊಂಡರು. ಆದ್ದರಿಂದ ಹಿತ್ತಲಿನಲ್ಲಿ ಕಡ್ಡಿಯಂಥ ಹಾವು ಕಂಡರೆ ಅದಕ್ಕೂ ಅಷ್ಟೇ ದೂರ ಕೊಡಲಿ.

ಇಲ್ಲಿಂದ ಇಂಜೆಕ್ಷನ್ ಒಯ್ಯುವ ಯೋಚನೆ ಬಿಡಿ. ನಮ್ಮಲ್ಲಿ ಸಿಗುವ ಆಂಟಿವೆನಮ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ತಯಾರಾದದ್ದು, ಬೂಮ್‌ಸ್ಲಾಂಗ್ ವಿಷವನ್ನು ಅದು ತಡೆಯುವುದಿಲ್ಲ. ಹತ್ತಿರದ ಸಂಬಂಧಿಯ ವಿಷಕ್ಕೂ ಇದು ನಂಬಿಕೆಗೆ ಅರ್ಹವಲ್ಲ ಎನ್ನಲು ಘಾನಾದ ಅನುಭವವೇ ಸಾಕ್ಷಿ. ಅಲ್ಲಿನ ಒಂದು ಗ್ರಾಮೀಣ ಪ್ರದೇಶದಲ್ಲಿ 2004ರ ಹೊತ್ತಿಗೆ ಹಳೆಯ ಆಂಟಿವೆನಮ್ ಬದಲು ಭಾರತದಲ್ಲಿ ತಯಾರಾದ ಹೊಸದನ್ನು ಬಳಸತೊಡಗಿದಾಗ, ಅಲ್ಲಿನ ಗರಗಸ ಮಂಡಲ ಜಾತಿಯ ಹಾವು ಕಚ್ಚಿದವರಲ್ಲಿ ಸಾವಿನ ಪ್ರಮಾಣ ಶೇಕಡ 1.8ರಿಂದ 12.1ಕ್ಕೆ ಏರಿತು. ಬ್ಯಾಗಿನಲ್ಲಿ ಔಷಧವಿದೆ ಎಂಬ ಧೈರ್ಯದಿಂದ ಆಸ್ಪತ್ರೆಗೆ ಹೋಗುವುದು ತಡವಾದರೆ ಅದೇ ದೊಡ್ಡ ಹಾನಿ. ಬದಲಿಗೆ ಅಳಿಯನವರು ಈಗಲೇ, ಏನೂ ಆಗದಿರುವಾಗಲೇ, ತಮ್ಮ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿಟ್ಟುಕೊಳ್ಳಲಿ: ಬೂಮ್‌ಸ್ಲಾಂಗ್ ಆಂಟಿವೆನಮ್ ಎಲ್ಲಿಂದ ತರಿಸುತ್ತೀರಿ, ರಾತ್ರಿ ಹೊತ್ತು ತರಿಸಲು ಎಷ್ಟು ಗಂಟೆ ಬೇಕು. ಉತ್ತರವನ್ನು ವಿಷ ಮಾಹಿತಿ ಸಹಾಯವಾಣಿಯ ನಂಬರಿನ ಜೊತೆ ಫ್ರಿಜ್ ಬಾಗಿಲಿಗೆ ಅಂಟಿಸಿಡಲಿ.